ಕೊಲೊರಾಡೊದಲ್ಲಿ ಜಲಸಂರಕ್ಷಣಾ ಜಿಲ್ಲೆ ಕಟ್ಟುವುದು ಹೇಗೆ: ಸಹಿಯಿಂದ ಡಿಕ್ರಿಗೆ, ಡಿಕ್ರಿಯಿಂದ ತೆರಿಗೆಗೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 'ವಾಟರ್ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್' ಎಂದರೆ ನಮ್ಮ ಕಂದಾಯ ಜಿಲ್ಲೆಯ ಹಾಗಲ್ಲ. ನೀರು ಬಳಕೆದಾರರ ಸಂಘದ ಹಾಗೂ ಅಲ್ಲ. ಅದು ನೀರಿನ ಕೆಲಸಕ್ಕೆಂದೇ ಹುಟ್ಟಿದ ಒಂದು ಪುಟ್ಟ ಸರ್ಕಾರ. ಆಸ್ತಿ ತೆರಿಗೆ ಹಾಕುತ್ತದೆ, ಜಮೀನು ಭೂಸ್ವಾಧೀನ ಮಾಡಿಕೊಳ್ಳುತ್ತದೆ, ಕೇಂದ್ರ ಸರ್ಕಾರದ ಜೊತೆ ಕರಾರು ಬರೆಯುತ್ತದೆ, ಜಲಾಶಯ ಕಟ್ಟುತ್ತದೆ. ಕರ್ನಾಟಕದಲ್ಲಿ 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿಯಡಿ ಕಟ್ಟುವ ನೀರು ಬಳಕೆದಾರರ ಸಹಕಾರ ಸಂಘ ಸಹಕಾರ ಇಲಾಖೆಯಲ್ಲಿ ನೋಂದಣಿಯಾಗುತ್ತದೆ, ಅಚ್ಚುಕಟ್ಟಿನಲ್ಲಿ ನೀರು ಹಾಯಿಸಿಕೊಂಡವರಿಂದ ಕರ ಎತ್ತುತ್ತದೆ. ಕೊಲೊರಾಡೊದ ಜಿಲ್ಲೆ ಕಾಲುವೆಯ ಮುಖವನ್ನೇ ನೋಡದ ಪೇಟೆಯ ಅಂಗಡಿಯವನ ಕಟ್ಟಡದ ಮೇಲೂ ತೆರಿಗೆ ಹಾಕಬಲ್ಲದು.

ಇಂಥ ಅಧಿಕಾರ ಇರುವುದರಿಂದಲೇ ಅದು ಯಾವುದೋ ಇಲಾಖೆಯ ಮೊಹರಿನಿಂದ ಹುಟ್ಟುವುದಿಲ್ಲ, ನ್ಯಾಯಾಲಯದ ಡಿಕ್ರಿಯಿಂದ ಹುಟ್ಟುತ್ತದೆ. ಕಾನೂನು 1937ರದು, ರಾಜ್ಯದ ಸಂಹಿತೆಯಲ್ಲಿ 37ನೇ ಶೀರ್ಷಿಕೆಯ 45ನೇ ಪರಿಚ್ಛೇದ. ಅದೇ ವರ್ಷದ ಸೆಪ್ಟೆಂಬರ್ 20ರಂದು ನಾರ್ದರ್ನ್ ಕೊಲೊರಾಡೊ ಜಿಲ್ಲೆ ಹುಟ್ಟಿತು. ಜಿಲ್ಲೆಗೆ ತೆರಿಗೆ ಹಾಕುವ ಅಧಿಕಾರ ಕೊಟ್ಟದ್ದು ಸಂವಿಧಾನಕ್ಕೆ ಸರಿಯೇ ಎಂಬ ಪ್ರಶ್ನೆಯನ್ನು ಮರುವರ್ಷವೇ ರಾಜ್ಯದ ಸುಪ್ರೀಂ ಕೋರ್ಟ್ ಲೆಟ್‌ಫರ್ಡ್ ಪ್ರಕರಣದಲ್ಲಿ ತೀರ್ಮಾನಿಸಿ ಕಾಯ್ದೆಯನ್ನು ಎತ್ತಿಹಿಡಿಯಿತು.

ರಾಕಿ ಬೆಟ್ಟಸಾಲಿನ ಪೂರ್ವದ ತಪ್ಪಲಾದ ಫ್ರಂಟ್ ರೇಂಜ್ ಊರುಗಳಲ್ಲಿ ಮನೆ, ಹೊಲ ಮಾಡಿಕೊಂಡಿರುವ ಕನ್ನಡಿಗರ ತೆರಿಗೆ ಚೀಟಿಯಲ್ಲಿ ಇಂಥ ಒಂದು ಜಿಲ್ಲೆಯ ಹೆಸರು ಇರಬಹುದು. ಹೊಸದೊಂದನ್ನು ಕಟ್ಟುವ ಗುಂಪಿನಲ್ಲಿ ನೀವೂ ಇದ್ದರೆ ಈ ಕೆಳಗಿನದು ಉಪಯೋಗಕ್ಕೆ ಬರುತ್ತದೆ.

ಮೊದಲು ಹೆಸರಿನ ಗೊಂದಲ

ಅಲ್ಲಿ ಒಂದೇ ಥರ ಕೇಳಿಸುವ ನಾಲ್ಕು ಸಂಸ್ಥೆಗಳಿವೆ. ತಪ್ಪು ಕಾನೂನು ಹಿಡಿದು ಅರ್ಜಿ ಬರೆದರೆ ಕೆಲಸವೆಲ್ಲ ನೀರಿನಲ್ಲಿ ಹೋಮ.

ಬರೀ 'ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್' ಎಂಬುದು ಪ್ರವಾಹ ತಡೆಗೆ. 1921ರಲ್ಲಿ ಅರ್ಕನ್ಸಾ ನದಿ ಉಕ್ಕಿ ಪ್ಯೂಬ್ಲೊ ನಗರ ಮುಳುಗಿದ ಮೇಲೆ, 1922ರಲ್ಲಿ ಬಂದ ಬೇರೆಯೇ ಕಾಯ್ದೆ ಅದು. 'ವಾಟರ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್' ಎಂಬುದನ್ನು ಶಾಸನಸಭೆ ನೇರವಾಗಿ ಕಾಯ್ದೆ ಮಾಡಿಯೇ ಸೃಷ್ಟಿಸುತ್ತದೆ. ಕೊಲೊರಾಡೊ ರಿವರ್ ಡಿಸ್ಟ್ರಿಕ್ಟ್ ಅಂಥದ್ದು, ಅದನ್ನು ಜನ ಅರ್ಜಿ ಹಾಕಿ ಕಟ್ಟಲಾಗದು. 'ಇರಿಗೇಶನ್ ಡಿಸ್ಟ್ರಿಕ್ಟ್' ಜಮೀನಿಗೆ ನೀರುಣಿಸುವುದಕ್ಕಷ್ಟೇ. ಕುಡಿಯುವ ನೀರಿನ ಕೊಳವೆ ಜಾಲಕ್ಕೆ 'ವಾಟರ್ ಡಿಸ್ಟ್ರಿಕ್ಟ್' ಎಂಬುದಿದೆ, ಅದು 32ನೇ ಶೀರ್ಷಿಕೆಯ ವಿಶೇಷ ಜಿಲ್ಲೆಗಳ ಕಾಯ್ದೆಗೆ ಸೇರಿದ್ದು. ಅದಕ್ಕೆ ಕೌಂಟಿಯ (ಹೆಚ್ಚೂಕಡಿಮೆ ನಮ್ಮ ಕಂದಾಯ ಜಿಲ್ಲೆಯಂಥ ಆಡಳಿತ ಘಟಕದ) ಕಮಿಷನರುಗಳು ಒಪ್ಪುವ 'ಸೇವಾ ಯೋಜನೆ' ಬೇಕು. ನಿಮ್ಮ ಉದ್ದೇಶ ಒಂದು ಹಳ್ಳಿಯ ನೂರಿನ್ನೂರು ಮನೆಗೆ ನಲ್ಲಿ ನೀರು ಕೊಡುವುದಾದರೆ ಇಲ್ಲಿಗೇ ಓದು ನಿಲ್ಲಿಸಿ ಆ ದಾರಿ ಹಿಡಿಯಿರಿ. ಇಡೀ ನದಿ ಕಣಿವೆಯ ರೈತರು, ಊರುಗಳು ಒಟ್ಟಾಗಿ ನೀರಿನ ಹಕ್ಕು ಸಂಪಾದಿಸಿ, ಶೇಖರಿಸಿ, ಹಂಚಿಕೊಳ್ಳಬೇಕು ಎಂದಿದ್ದರೆ ಮಾತ್ರ 1937ರ ಕಾಯ್ದೆ.

ಸಹಿ ಸಂಗ್ರಹಕ್ಕೂ ಮೊದಲೇ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಜಿಲ್ಲೆ ಕಟ್ಟಿದರೆ ದುಡ್ಡು ತಾನಾಗಿ ಬರುತ್ತದೆ ಎಂದುಕೊಂಡಿರುತ್ತಾರೆ.

ಆಸ್ತಿ ತೆರಿಗೆಯನ್ನು ಅಲ್ಲಿ 'ಮಿಲ್' ಲೆಕ್ಕದಲ್ಲಿ ಹೇಳುತ್ತಾರೆ. 1 ಮಿಲ್ ಎಂದರೆ ತೆರಿಗೆ ಮೌಲ್ಯದ ಪ್ರತಿ 1,000 ಡಾಲರಿಗೆ 1 ಡಾಲರ್. ಜಿಲ್ಲೆಯ ಕಾಮಗಾರಿಯಿಂದ ನೀರು ಹರಿಯುವವರೆಗೆ ಹಾಕಬಹುದಾದ ಗರಿಷ್ಠ ತೆರಿಗೆ ಅರ್ಧ ಮಿಲ್, ನೀರು ಬಂದ ಮೇಲೆ 1 ಮಿಲ್. ಈಗ ಗುಣಾಕಾರ ಮಾಡಿ: ಜಿಲ್ಲೆಯೊಳಗಿನ ಎಲ್ಲ ಆಸ್ತಿಯ ತೆರಿಗೆ ಮೌಲ್ಯ 2 ಕೋಟಿ ಡಾಲರ್ ಇದ್ದರೆ ಅರ್ಧ ಮಿಲ್‌ಗೆ ವರ್ಷಕ್ಕೆ ಬರುವುದು 10,000 ಡಾಲರ್. ನೀರಿನ ಹಕ್ಕಿನ ಒಂದೇ ಒಂದು ಮೊಕದ್ದಮೆ ನಡೆಸಲಿಕ್ಕೂ ಅದು ಸಾಲದು. 20 ಕೋಟಿ ಡಾಲರ್ ಮೌಲ್ಯವಿದ್ದರೆ ಒಂದು ಲಕ್ಷ, ಆಗ ಒಬ್ಬ ವ್ಯವಸ್ಥಾಪಕ, ಒಂದು ಕಚೇರಿ, ಒಬ್ಬ ವಕೀಲರ ಮಟ್ಟಕ್ಕೆ ಯೋಚಿಸಬಹುದು.

'ತೆರಿಗೆ ಮೌಲ್ಯ' ಎಂಬ ಪದವನ್ನೂ ಗಮನಿಸಿ. ಅದು ಮಾರುಕಟ್ಟೆಯ ಬೆಲೆ ಅಲ್ಲ. ಕೊಲೊರಾಡೊದಲ್ಲಿ ವ್ಯವಸಾಯದ ಜಮೀನಿಗೆ ಅದು ಕೊಡುವ ಆದಾಯದ ಮೇಲೆ ಬೆಲೆ ಕಟ್ಟಿ, ಆ ಬೆಲೆಯಲ್ಲೂ ಒಂದು ಪಾಲಿನ ಮೇಲಷ್ಟೇ ತೆರಿಗೆ ಹಾಕುತ್ತಾರೆ. ಎಕರೆಗೆ ಹತ್ತಾರು ಸಾವಿರಕ್ಕೆ ಮಾರುವ ಹೊಲವೂ ತೆರಿಗೆ ಪಟ್ಟಿಯಲ್ಲಿ ಬಹಳ ಅಗ್ಗವಾಗಿ ಕಾಣುತ್ತದೆ. ಬರೀ ಹೊಲಗಳನ್ನು ಸೇರಿಸಿ ಗೆರೆ ಎಳೆದರೆ ಖಜಾನೆ ಖಾಲಿ. ಪೇಟೆಯನ್ನು ಸೇರಿಸಿಕೊಂಡರೆ ಆದಾಯ ಬರುತ್ತದೆ, ಜೊತೆಗೆ ಪೇಟೆಯ ವಿರೋಧವೂ ಬರುತ್ತದೆ. ಹಳೆಯ ದೊಡ್ಡ ಜಿಲ್ಲೆಗಳೆಲ್ಲ ಎರಡನೆಯದನ್ನೇ ಆರಿಸಿಕೊಂಡವು. ಪೇಟೆಯನ್ನು ಹೊರಗಿಟ್ಟು ಜಿಲ್ಲೆ ಕಟ್ಟುವುದಕ್ಕೆ ನಮ್ಮ ಸಲಹೆ ಇಲ್ಲ.

ಗಡಿ ಗೆರೆ

ಅರ್ಜಿಯಲ್ಲಿ ಗಡಿಯನ್ನು ಅಳತೆ, ದಿಕ್ಕು ಸಮೇತ ಬರೆಯಬೇಕೆಂದಿಲ್ಲ. 'ನನ್ನ ಜಮೀನು ಒಳಗಿದೆಯೇ, ಹೊರಗಿದೆಯೇ' ಎಂದು ಮಾಲೀಕನಿಗೆ ತಿಳಿಯುವಷ್ಟು ಸ್ಪಷ್ಟವಾಗಿದ್ದರೆ ಸಾಕು ಎನ್ನುತ್ತದೆ ಕಾಯ್ದೆ. ಪ್ರದೇಶ ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂದೂ ಇಲ್ಲ. ಬಿಡಿ ಬಿಡಿ ತುಂಡುಗಳಾದರೂ ಒಂದೇ ಜಿಲ್ಲೆಯಾಗುವುದರಿಂದ ಉದ್ದೇಶ ನೆರವೇರುವಂತಿದ್ದರೆ ನಡೆಯುತ್ತದೆ.

ಈ ರಿಯಾಯಿತಿ ನಂಬಿ 'ಇಂಥ ಹೊಳೆಯ ಜಲಾನಯನ ಪ್ರದೇಶವೆಲ್ಲ' ಎಂದು ಒಂದು ಸಾಲು ಬರೆದುಬಿಡಬೇಡಿ. ಡಿಕ್ರಿ ಬಂದ ಮೇಲೆ ತೆರಿಗೆ ಹಾಕಬೇಕಾದರೆ ಕೌಂಟಿಯ ಆಸ್ತಿ ಮೌಲ್ಯಮಾಪಕರಿಗೆ, ಅಂದರೆ ಅಸೆಸರ್‌ಗೆ, ಕರಾರುವಾಕ್ಕಾದ ಭೂವಿವರಣೆ ಮತ್ತು ನಕ್ಷೆ ಕೊಡಲೇಬೇಕು. ಅವರ ಲೆಕ್ಕ ನಡೆಯುವುದು ಆಸ್ತಿಯ ತುಂಡುಗಳ ಮೇಲೆ, ಬೆಟ್ಟದ ನೆತ್ತಿಯ ಮೇಲಲ್ಲ. ನೀರು ಹರಿಯುವ ಗೆರೆ ಒಂದೇ ಹೊಲವನ್ನು ಎರಡು ಮಾಡಿದರೆ ಅರ್ಧ ಹೊಲಕ್ಕೆ ತೆರಿಗೆ, ಅರ್ಧಕ್ಕೆ ಇಲ್ಲ. ಆ ಹೊಲದ ಮಾಲೀಕನ ಸಹಿ ಎಣಿಕೆಗೆ ಬರುತ್ತದೋ ಇಲ್ಲವೋ ಎಂಬ ತಕರಾರು ಬೇರೆ. ಆದ್ದರಿಂದ ಜಲಾನಯನದ ಗೆರೆಯನ್ನು ಮೊದಲು ಎಳೆದುಕೊಳ್ಳಿ. ಆಮೇಲೆ ಅದನ್ನು ಹತ್ತಿರದ ಸೆಕ್ಷನ್ ಗೆರೆಗೋ (ಸರ್ಕಾರಿ ಸರ್ವೆಯ ಚೌಕಗಳ ಗೆರೆ), ಆಸ್ತಿಯ ಗೆರೆಗೋ ಸರಿಸಿ. ಅಸೆಸರ್ ಕಚೇರಿಯ ನಕ್ಷೆ ಗುಮಾಸ್ತರನ್ನು ಸಹಿ ಸಂಗ್ರಹಕ್ಕೆ ಮುಂಚೆಯೇ ಕಂಡು ಬನ್ನಿ. ಈ ಒಂದು ಭೇಟಿ ಮುಂದೆ ಆರು ತಿಂಗಳ ತಲೆನೋವು ಉಳಿಸುತ್ತದೆ.

ಸಹಿ: ಯಾರದು, ಎಷ್ಟು

ಕಾಯ್ದೆ ಜಮೀನನ್ನು ಎರಡು ಗುಂಪು ಮಾಡುತ್ತದೆ. ಊರ ಎಲ್ಲೆಯ ಹೊರಗಿರುವ ನೀರಾವರಿ ಜಮೀನು ಒಂದು. ನಮ್ಮ ಮಾತಿನಲ್ಲಿ ತರಿ ಎನ್ನೋಣ. ಖುಷ್ಕಿ ಜಮೀನು ಮತ್ತು ಊರ ಎಲ್ಲೆಯೊಳಗಿನ ಆಸ್ತಿ ಇನ್ನೊಂದು.

ಪ್ರದೇಶದೊಳಗಿನ ತರಿ ಜಮೀನು, ಅದರ ಮೇಲಿನ ಕಟ್ಟಡ ಇತ್ಯಾದಿ ಸೇರಿ ತೆರಿಗೆ ಮೌಲ್ಯ 2 ಕೋಟಿ ಡಾಲರ್ ಅಥವಾ ಹೆಚ್ಚಿದ್ದರೆ ಕನಿಷ್ಠ 1,500 ತರಿ ಮಾಲೀಕರು, ಕನಿಷ್ಠ 500 ಖುಷ್ಕಿ ಅಥವಾ ಪೇಟೆ ಮಾಲೀಕರು ಸಹಿ ಹಾಕಬೇಕು. ಅದಕ್ಕಿಂತ ಕಡಿಮೆ ಮೌಲ್ಯದ ಸಣ್ಣ ಜಿಲ್ಲೆಗೆ ತರಿ ಮಾಲೀಕರಲ್ಲಿ ಶೇ. 25, ಎರಡನೆಯ ಗುಂಪಿನಲ್ಲಿ ಶೇ. 5. ಪ್ರತಿ ಸಹಿಯ ಎದುರಿಗೆ ಆ ಮಾಲೀಕನ ಜಮೀನಿನ ವಿವರ ಇರಬೇಕು, ಆ ಜಮೀನಿಗೆ ಕಾಯ್ದೆ ಹೇಳುವ ಕನಿಷ್ಠ ತೆರಿಗೆ ಮೌಲ್ಯವೂ ಇರಬೇಕು. ಕಾಯ್ದೆಗೆ ಆಗಾಗ ತಿದ್ದುಪಡಿ ಬರುವುದರಿಂದ ಸಹಿ ಹಾಳೆ ಅಚ್ಚು ಹಾಕಿಸುವ ವಾರ ಚಾಲ್ತಿಯಲ್ಲಿರುವ ಪಾಠವನ್ನೇ ಮುಂದಿಟ್ಟುಕೊಂಡು ಅಂಕಿಗಳನ್ನು ತಾಳೆ ನೋಡಿ.

ಸಹಿಗಳು ಬಿದ್ದುಹೋಗುವ ಕಾರಣಗಳು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ. ಗೇಣಿದಾರ ಸಹಿ ಹಾಕಿರುತ್ತಾನೆ, ಎಣಿಕೆಗೆ ಬರುವುದು ಮಾಲೀಕ. ಕಾಲುವೆ ಕಂಪನಿಯಲ್ಲಿ ಷೇರು ಇರುವವನು ಸಹಿ ಹಾಕಿರುತ್ತಾನೆ. ಕೊಲೊರಾಡೊದ ಬಹುಪಾಲು ಹಳೆಯ ಕಾಲುವೆಗಳು ರೈತರೇ ಷೇರು ಹಿಡಿದ ಕಂಪನಿಗಳವು, ಆದರೆ ಷೇರು ಇದ್ದಮಾತ್ರಕ್ಕೆ ಜಮೀನಿನ ಒಡೆತನ ಬರುವುದಿಲ್ಲ. ಅಪ್ಪ ತೀರಿಕೊಂಡು ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇರುತ್ತದೆ, ಮಗ ಸಹಿ ಹಾಕಿರುತ್ತಾನೆ. ನಮ್ಮಲ್ಲಿ ಪೌತಿ ಖಾತೆ ಆಗದ ಪಹಣಿಯ ಗೋಳಿನ ಹಾಗೆಯೇ ಇದು. ಜಮೀನು ಕುಟುಂಬದ ಟ್ರಸ್ಟ್ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಸಹಿ ಹಾಕಿದವರಿಗೆ ಆ ಅಧಿಕಾರ ಇದೆ ಎಂಬ ಕಾಗದ ಲಗತ್ತಿಸಿಕೊಳ್ಳಿ. ಗಂಡ ಹೆಂಡತಿ ಜಂಟಿ ಖಾತೆಯಾದರೆ ಇಬ್ಬರ ಸಹಿಯನ್ನೂ ತೆಗೆದುಕೊಳ್ಳಿ, ಎಣಿಸುವಾಗ ಒಂದೇ ಎಂದು ಎಣಿಸಿ. ಹೆಚ್ಚು ಎಣಿಸಿ ಸೋಲುವುದಕ್ಕಿಂತ ಕಡಿಮೆ ಎಣಿಸಿ ನಿಲ್ಲುವುದು ಕ್ಷೇಮ.

ಒಬ್ಬನಿಗೆ ಹೊರಗೆ ತರಿಯೂ ಇದೆ, ಪೇಟೆಯಲ್ಲಿ ಮನೆಯೂ ಇದೆ ಅನ್ನಿ. ಎರಡೂ ಕಡೆ ಸಹಿ ಮಾಡಿದರೆ ಅವನನ್ನು ತರಿ ಮಾಲೀಕನೆಂದು ಮಾತ್ರ ಎಣಿಸುತ್ತಾರೆ. ಪೇಟೆಯ ಪಟ್ಟಿಯಲ್ಲಿ ಅವನು ಸೊನ್ನೆ. ಪೇಟೆ ಸಹಿಗಳೆಲ್ಲ ರೈತರವೇ ಆಗಿದ್ದು, ಕೊನೆಗೆ 500ಕ್ಕೆ 60 ಕಡಿಮೆ ಬೀಳುವ ಅಪಾಯ ಇರುವುದು ಇಲ್ಲೇ. ಬೇಕಾದಷ್ಟಕ್ಕಿಂತ ಐದನೇ ಒಂದು ಪಾಲು ಹೆಚ್ಚು ಸಹಿ ಕೈಯಲ್ಲಿಟ್ಟುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿ.

ಅರ್ಜಿ ಸಲ್ಲಿಕೆಯಾದ ಮೇಲೆ ಸಹಿ ಹಿಂತೆಗೆಯುವಂತಿಲ್ಲ ಎಂಬುದು ಕಾಯ್ದೆಯಲ್ಲೇ ಇದೆ. ಇದನ್ನು ಸಹಿ ಹಾಕುವವರಿಗೆ ಮೊದಲೇ ಹೇಳಿ. ಹೇಳದಿದ್ದರೆ ಅವರೇ ನಾಳೆ ವಿಚಾರಣೆಯಲ್ಲಿ ಎದ್ದು ನಿಂತು ನಿಮ್ಮ ವಿರುದ್ಧ ಮಾತಾಡುತ್ತಾರೆ.

ಅರ್ಜಿಯಲ್ಲಿ ಇರಬೇಕಾದದ್ದು

ಪ್ರದೇಶ ಎರಡು ಮೂರು ಕೌಂಟಿಗಳಲ್ಲಿ ಹರಡಿದ್ದರೂ ಅವುಗಳಲ್ಲಿ ಯಾವುದಾದರೂ ಒಂದು ಕೌಂಟಿಯ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸಿದರೆ ಸಾಕು, ಇಡೀ ಪ್ರದೇಶದ ಮೇಲಿನ ಅಧಿಕಾರ ಆ ನ್ಯಾಯಾಲಯಕ್ಕೇ. ಅರ್ಜಿಯಲ್ಲಿ ಬರೆಯಬೇಕಾದವು: ನೀವು ಆರಿಸಿದ ಹೆಸರು, ಅದರ ಬಾಲಕ್ಕೆ 'ವಾಟರ್ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್' ಎಂಬ ಪದಗಳು, ಒಳಗಿನ ಆಸ್ತಿಗೆ ಇದರಿಂದ ಪ್ರಯೋಜನವಾಗುತ್ತದೆ ಎಂಬ ಹೇಳಿಕೆ, ಮಾಡಬೇಕೆಂದಿರುವ ಕಾಮಗಾರಿಯ ಉದ್ದೇಶ, ಪ್ರದೇಶದ ವಿವರ, ತರಿ ಜಮೀನಿನ ಒಟ್ಟು ತೆರಿಗೆ ಮೌಲ್ಯ, ಜಿಲ್ಲೆಯೊಳಗಿನ ವಿಭಾಗಗಳು, ಪ್ರತಿ ವಿಭಾಗಕ್ಕೆ ಎಷ್ಟು ನಿರ್ದೇಶಕರು, ಕೊನೆಗೆ ಜಿಲ್ಲೆ ರಚಿಸಬೇಕೆಂಬ ಪ್ರಾರ್ಥನೆ.

ಇದರಲ್ಲಿ ಜಗಳ ಹುಟ್ಟುವುದು ವಿಭಾಗಗಳ ವಿಚಾರಕ್ಕೆ. ಮೇಲ್ಕಣಿವೆಯವರು ಕಡಿಮೆ ಜನ, ನೀರು ಅವರ ಕಡೆಯದು. ಕೆಳಗಿನವರು ಹೆಚ್ಚು ಜನ, ತೆರಿಗೆ ಅವರದು. ಹಂಚಿಕೆಯನ್ನು ಸಹಿ ಹಾಳೆ ಅಚ್ಚಾಗುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಅರ್ಜಿಯ ಸಣ್ಣಪುಟ್ಟ ದೋಷಕ್ಕೆ ಹೆದರಬೇಕಿಲ್ಲ. ಬೇಕಾದಷ್ಟು ಸಹಿಗಳಿದ್ದರೆ ದೋಷದ ನೆಪ ಹೇಳಿ ಅರ್ಜಿಯನ್ನು ಅನೂರ್ಜಿತ ಮಾಡುವಂತಿಲ್ಲ, ತಿದ್ದಲು ನ್ಯಾಯಾಲಯ ಅವಕಾಶ ಕೊಡುತ್ತದೆ. ಒಂದೇ ಪಾಠದ ಹಲವು ಪ್ರತಿಗಳಲ್ಲಿ ಬೇರೆ ಬೇರೆ ಊರಿನಲ್ಲಿ ಸಹಿ ಹಾಕಿಸಿದ್ದರೂ ಎಲ್ಲ ಸೇರಿ ಒಂದೇ ಅರ್ಜಿ.

ಬಾಂಡ್

ಅರ್ಜಿಯ ಜೊತೆಗೆ, ತಪ್ಪಿದರೆ ವಿಚಾರಣೆಗೆ ಮೊದಲು, ಒಂದು ಜಾಮೀನು ಬಾಂಡ್ ಕೊಡಬೇಕು. ಜಿಲ್ಲೆ ರಚನೆಯಾಗದೆ ಹೋದರೆ ಪ್ರಕ್ರಿಯೆಯ ಖರ್ಚೆಲ್ಲ ಅದರಿಂದ ಸಲ್ಲಬೇಕು. ಸಾಲದು ಎನಿಸಿದರೆ ನ್ಯಾಯಾಲಯ ಹೆಚ್ಚುವರಿ ಬಾಂಡ್ ಕೇಳುತ್ತದೆ, ಅದಕ್ಕೆ ಕನಿಷ್ಠ 10 ದಿನ ಸಮಯ. ಕೊಡದಿದ್ದರೆ ಅರ್ಜಿ ವಜಾ. ಪತ್ರಿಕಾ ಪ್ರಕಟಣೆಯ ಬಿಲ್ಲನ್ನು ಮೊದಲೇ ಅಂದಾಜು ಮಾಡಿಸಿ, ಅದಕ್ಕೆ ತಕ್ಕ ಬಾಂಡ್ ಸಿದ್ಧ ಮಾಡಿಕೊಂಡರೆ ಈ ಹೆಜ್ಜೆ ತೊಂದರೆ ಕೊಡುವುದಿಲ್ಲ.

ಪ್ರಕಟಣೆ, ತಕರಾರು, ವಿಚಾರಣೆ

ಅರ್ಜಿ ಬಂದ ತಕ್ಷಣ ನ್ಯಾಯಾಲಯ ವಿಚಾರಣೆಯ ದಿನ ಗೊತ್ತುಮಾಡುತ್ತದೆ. ಅದು ಸಲ್ಲಿಕೆಯ ದಿನದಿಂದ 60 ದಿನಕ್ಕೆ ಕಡಿಮೆ ಇಲ್ಲದಂತೆ, 90 ದಿನ ಮೀರದಂತೆ ಇರಬೇಕು. ಪ್ರಕಟಣೆ ಪ್ರತಿ ಕೌಂಟಿಯಲ್ಲೂ ಓಡಾಡುವ ಒಂದು ಪತ್ರಿಕೆಯಲ್ಲಿ ಸತತ ಮೂರು ವಾರ ಬರಬೇಕು, ಮೊದಲ ಮತ್ತು ಕೊನೆಯ ಪ್ರಕಟಣೆಯ ನಡುವೆ ಕನಿಷ್ಠ 14 ದಿನ. ಸಂಬಂಧಪಟ್ಟ ಎಲ್ಲ ಕೌಂಟಿಗಳ ಕಮಿಷನರ್ ಮಂಡಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪ್ರತಿ ಹೋಗಬೇಕು. ಕಳಿಸುವ ಹೊಣೆ ನ್ಯಾಯಾಲಯದ ಗುಮಾಸ್ತರದು. ಆದರೂ ರಸೀದಿಗಳ ನಕಲು ನಿಮ್ಮ ಕಡತದಲ್ಲಿರಲಿ, ಒಂದು ಕೌಂಟಿ ತಪ್ಪಿದ್ದು ವಿಚಾರಣೆಯ ದಿನ ಗೊತ್ತಾಗಬಾರದು.

ವಿರೋಧಕ್ಕೆ ಎರಡು ದಾರಿ. ಒಂದು, ಸಹಿ ಹಾಕದ ಯಾವ ಮಾಲೀಕನಾದರೂ ವಿಚಾರಣೆಯ ದಿನದವರೆಗೆ ಆಕ್ಷೇಪಣೆ ಸಲ್ಲಿಸಬಹುದು, ನ್ಯಾಯಾಧೀಶರು ಅದನ್ನು ಕೇಳಿ ತೀರ್ಮಾನಿಸುತ್ತಾರೆ. ಇನ್ನೊಂದು ಗಂಭೀರವಾದದ್ದು: ಗುಂಪಾಗಿ ಸಹಿ ಸಂಗ್ರಹಿಸಿ ಹಾಕುವ ತಕರಾರು ಅರ್ಜಿ. ಅದು ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಬಂದಿರಬೇಕು, ಆಮೇಲೆ ಬಂದರೆ ಇಲ್ಲ. ತಕರಾರಿನಲ್ಲಿ ಪಟ್ಟಿ ಮಾಡಿದ ಜಮೀನುಗಳ ಮೌಲ್ಯವನ್ನು ಆಯಾ ಕೌಂಟಿಯ ಖಜಾಂಚಿ ತೆರಿಗೆ ಪುಸ್ತಕ ನೋಡಿ ದೃಢೀಕರಿಸುತ್ತಾರೆ. ಕಾಯ್ದೆ ಕೇಳುವಷ್ಟು ಸಹಿ ಅದಕ್ಕಿದೆ ಎಂದು ಕಂಡರೆ ನ್ಯಾಯಾಲಯ ನಿಮ್ಮ ಮೂಲ ಅರ್ಜಿಯನ್ನೇ ವಜಾ ಮಾಡುತ್ತದೆ. ಯೋಜನೆ ಎಷ್ಟು ಚೆನ್ನಾಗಿದೆ ಎಂಬ ವಾದಕ್ಕೆ ಆಗ ಜಾಗವೇ ಇಲ್ಲ.

ಅರ್ಜಿ ವಜಾ ಆದರೆ ಖರ್ಚು ಅರ್ಜಿದಾರರ ತಲೆಗೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಹೊಸದಾಗಿ ಮತ್ತೊಂದು ಅರ್ಜಿ ಹಾಕಲು ಅಡ್ಡಿಯಿಲ್ಲ. ಒಪ್ಪಿಗೆಯಾದರೂ ಅಷ್ಟೇ, ಡಿಕ್ರಿಯೇ ಅಂತಿಮ. ಖಾಸಗಿಯವರು ಅದನ್ನು ಪ್ರಶ್ನಿಸುವಂತಿಲ್ಲ. ರಾಜ್ಯದ ಅಟಾರ್ನಿ ಜನರಲ್ ಮಾತ್ರ ಮೂರು ತಿಂಗಳೊಳಗೆ 'ಕ್ವೊ ವಾರಂಟೊ', ಅಂದರೆ ಯಾವ ಅಧಿಕಾರದಿಂದ ಇದು ನಡೆಯುತ್ತಿದೆ ಎಂದು ಪ್ರಶ್ನಿಸುವ ದಾವೆ, ಹೂಡಬಹುದು. ಆ ಮೂರು ತಿಂಗಳು ಕಳೆಯುವವರೆಗೆ ದೊಡ್ಡ ಕರಾರಿಗೆ ಸಹಿ ಹಾಕದಿರುವುದು ಜಾಣತನ.

ಡಿಕ್ರಿಯ ನಂತರದ 30 ದಿನ

ಡಿಕ್ರಿಯ ಪ್ರತಿಯನ್ನು ಗುಮಾಸ್ತರು 30 ದಿನದೊಳಗೆ ರಾಜ್ಯ ಕಾರ್ಯದರ್ಶಿಗೂ ಪ್ರತಿ ಕೌಂಟಿಯ ದಾಖಲೆ ಕಚೇರಿಗೂ ಕಳಿಸುತ್ತಾರೆ. ಅಷ್ಟರೊಳಗೇ ನ್ಯಾಯಾಲಯ ನಿರ್ದೇಶಕ ಮಂಡಳಿಯನ್ನು ನೇಮಿಸುತ್ತದೆ. ಹೆಚ್ಚೆಂದರೆ 15 ಜನ. ಎಲ್ಲರೂ ಆ ಕೌಂಟಿಗಳಲ್ಲಿ ವಾಸವಿರಬೇಕು, ಜಿಲ್ಲೆಯೊಳಗೆ ಸ್ಥಿರಾಸ್ತಿ ಇರಬೇಕು. ಪ್ರಮಾಣವಚನ, ತಲೆಗೊಂದು ಬಾಂಡ್. ನಂತರದ ಅವಧಿಗಳು ನಾಲ್ಕು ವರ್ಷದವು.

ಚುನಾವಣೆ ಇಲ್ಲದೆ ನ್ಯಾಯಾಧೀಶರೇ ನೇಮಿಸುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿನವರಲ್ಲೂ ಅನೇಕರಿಗೆ ಹಾಗೇ ಕಾಣುತ್ತದೆ. ಮತದಾರರು ಅರ್ಜಿ ಕೊಟ್ಟು ಚುನಾವಣೆ ಕೇಳುವ ದಾರಿ ಕಾಯ್ದೆಯಲ್ಲಿದೆ. ಮಂಡಳಿ ಸಾರ್ವಜನಿಕ ಸಂಸ್ಥೆಯಾದ್ದರಿಂದ ಮೊದಲ ಸಭೆಯಿಂದಲೇ ಬಹಿರಂಗ ಸಭೆಗಳ ಕಾನೂನು ಅನ್ವಯ: ಕನಿಷ್ಠ 24 ಗಂಟೆ ಮೊದಲು ಸೂಚನೆ, ಕಡತ ಕೇಳಿದವರಿಗೆ ಕಡತ. ಮೂವರು ನಿರ್ದೇಶಕರು ಕಾಫಿ ಅಂಗಡಿಯಲ್ಲಿ ಕೂತು ಜಿಲ್ಲೆಯ ವಿಷಯ ತೀರ್ಮಾನಿಸಿದರೂ ಅದು ಸಭೆಯೇ.

ಜುಲೈ 1 ಎಂಬ ಬಾಗಿಲು

ಇಡೀ ಪ್ರಕ್ರಿಯೆಯಲ್ಲಿ ಜನ ಮರೆಯುವ ದಿನಾಂಕ ಇದೊಂದೇ, ದುಬಾರಿಯಾದದ್ದೂ ಇದೇ. ಹೊಸ ತೆರಿಗೆ ಸಂಸ್ಥೆ ಆ ವರ್ಷ ತೆರಿಗೆ ಹಾಕಬೇಕಾದರೆ ಜುಲೈ 1ಕ್ಕೆ ಮೊದಲು ಪ್ರತಿ ಕೌಂಟಿಯ ಕಮಿಷನರುಗಳಿಗೂ ಅಸೆಸರ್‌ಗೂ ನ್ಯಾಯಾಲಯದ ಆದೇಶದ ಪ್ರತಿ, ಭೂವಿವರಣೆ, ನಕ್ಷೆ ಸಮೇತ ತಿಳಿಸಿರಬೇಕು.

ಕ್ಯಾಲೆಂಡರ್ ಇಟ್ಟು ನೋಡಿ. ಮಾರ್ಚ್ 3ಕ್ಕೆ ಅರ್ಜಿ ಸಲ್ಲಿಸಿದರೆ ವಿಚಾರಣೆ ಮೇ 2ರಿಂದ ಜೂನ್ 1ರ ನಡುವೆ ಬೀಳುತ್ತದೆ. ಮೇ 20 ಎಂದಾದರೆ ತಕರಾರು ಅರ್ಜಿಗೆ ಏಪ್ರಿಲ್ 20 ಕಡೆಯ ದಿನ. ತಿಂಗಳ ಕೊನೆಗೆ ಡಿಕ್ರಿ ಬಂದರೆ ಅಸೆಸರ್‌ಗೆ ಕಾಗದ ಮುಟ್ಟಿಸಲು ಇಡೀ ಜೂನ್ ಕೈಯಲ್ಲಿರುತ್ತದೆ. ಅದೇ ಅರ್ಜಿಯನ್ನು ಮೇ 1ಕ್ಕೆ ಹಾಕಿ: ಅತಿ ಬೇಗ ಎಂದರೂ ವಿಚಾರಣೆ ಜೂನ್ 30. ಅಂದೇ ಡಿಕ್ರಿ, ಅಂದೇ ನಕ್ಷೆ, ಅಂದೇ ಎಲ್ಲ ಕೌಂಟಿಗಳಿಗೆ ಮುಟ್ಟುವುದು ಆಗುಹೋಗುವ ಮಾತಲ್ಲ. ಎರಡು ತಿಂಗಳ ವಿಳಂಬಕ್ಕೆ ಒಂದು ವರ್ಷದ ತೆರಿಗೆ ಹೋಯಿತು.

ಮುಂದಿನದು ಮತದಾನ. 1992ರಲ್ಲಿ ರಾಜ್ಯ ಸಂವಿಧಾನಕ್ಕೆ ಸೇರಿದ 'ಟೇಬರ್' (ತೆರಿಗೆದಾರರ ಹಕ್ಕುಪತ್ರ) ತಿದ್ದುಪಡಿಯ ಪ್ರಕಾರ ಹೊಸ ತೆರಿಗೆಗೂ ಹಲವು ವರ್ಷದ ಸಾಲಕ್ಕೂ ಮತದಾರರ ಒಪ್ಪಿಗೆ ಬೇಕು. 1937ರ ಕಾಯ್ದೆ ಅರ್ಧ ಮಿಲ್ ಕೊಟ್ಟಿದೆಯಲ್ಲ ಎಂದು ಕೂರುವಂತಿಲ್ಲ. ನವೆಂಬರ್ ಚುನಾವಣೆಯಲ್ಲಿ ಪ್ರಶ್ನೆ ಇಡಲು 100 ದಿನ ಮೊದಲು, ಅಂದರೆ ಜುಲೈ ಕೊನೆಯಲ್ಲಿ ಕೌಂಟಿ ಕ್ಲರ್ಕ್‌ಗೆ ಸೂಚನೆ ಹೋಗಬೇಕು. 70 ದಿನ ಮೊದಲು ಅವರ ಜೊತೆ ಒಪ್ಪಂದ, 60 ದಿನ ಮೊದಲು ಪ್ರಶ್ನೆಯ ಅಂತಿಮ ಪಾಠ. ಕನಿಷ್ಠ 30 ದಿನ ಮೊದಲು ಮತದಾರರ ಮನೆಗೆ ನೋಟಿಸು. ತೆರಿಗೆ ಪ್ರಶ್ನೆ ಮೊದಲ ಪೂರ್ಣ ವರ್ಷದಲ್ಲಿ ಎಷ್ಟು ಡಾಲರ್ ಹೆಚ್ಚಾಗುತ್ತದೆ ಎಂಬ ಅಂಕಿಯಿಂದಲೇ ಶುರುವಾಗಬೇಕು, ಉದ್ದೇಶದ ಒಳ್ಳೆ ಮಾತು ಆಮೇಲೆ. ಅಂಕಿಯನ್ನು ಕಡಿಮೆ ಅಂದಾಜಿಸಿ, ಬಂದ ತೆರಿಗೆ ಅದನ್ನು ಮೀರಿದರೆ ಹೆಚ್ಚಾದದ್ದನ್ನು ಹಿಂದಿರುಗಿಸಬೇಕಾಗುತ್ತದೆ.

ಗೆದ್ದರೆ ಅಕ್ಟೋಬರ್ 15ರೊಳಗೆ ಮಂಡಳಿಯ ಮುಂದೆ ಬಂದಿದ್ದ ಕರಡು ಬಜೆಟ್ಟನ್ನು ಅಂಗೀಕರಿಸಿ ಡಿಸೆಂಬರ್ 15ರೊಳಗೆ ಮಿಲ್ ದರವನ್ನು ಕೌಂಟಿಗಳಿಗೆ ದೃಢೀಕರಿಸಬೇಕು. ಅಸೆಸರ್‌ಗಳು ಅಂತಿಮ ಮೌಲ್ಯ ಕೊಡುವುದು ಡಿಸೆಂಬರ್ 10ಕ್ಕೆ. ಆದ್ದರಿಂದ ಆ ಐದು ದಿನದೊಳಗೆ ಒಂದು ಸಭೆಯನ್ನು ಮೊದಲೇ ಗೊತ್ತುಮಾಡಿಡಿ. ದುಡ್ಡು ಕೈಗೆ ಬರುವುದು ಮರುವರ್ಷ.

ಜಿಲ್ಲೆ ಹುಟ್ಟಿತು, ನೀರೆಲ್ಲಿ?

ಡಿಕ್ರಿ ಒಂದು ಹನಿ ನೀರನ್ನೂ ಕೊಡುವುದಿಲ್ಲ. ಕೊಲೊರಾಡೊದಲ್ಲಿ ಮೊದಲು ಬಳಸಿದವನಿಗೆ ಮೊದಲ ಹಕ್ಕು. ಹಕ್ಕಿನ ದರ್ಜೆ ಪಡೆಯಲು 1969ರ ಕಾಯ್ದೆಯಡಿ ಜಲ ನ್ಯಾಯಾಲಯಕ್ಕೆ ಬೇರೆಯೇ ಅರ್ಜಿ ಹಾಕಬೇಕು. ನದಿ ಕಣಿವೆಗೊಂದರಂತೆ ಏಳು ಜಲ ವಿಭಾಗಗಳಿವೆ: ಸೌತ್ ಪ್ಲಾಟ್ ನದಿಯದು ಗ್ರೀಲಿಯಲ್ಲಿ, ಅರ್ಕನ್ಸಾದು ಪ್ಯೂಬ್ಲೊದಲ್ಲಿ, ಗನ್ನಿಸನ್ ನದಿಯದು ಮಾಂಟ್ರೋಸ್‌ನಲ್ಲಿ, ಹೀಗೆ. ಏಪ್ರಿಲ್‌ನಲ್ಲಿ ಹಾಕಿದ ಅರ್ಜಿಯ ಸಾರಾಂಶ ಮೇ ತಿಂಗಳಲ್ಲಿ ಪ್ರಕಟವಾಗುತ್ತದೆ, ವಿರೋಧಿಸುವವರಿಗೆ ಜೂನ್ ಕೊನೆಯ ದಿನದವರೆಗೆ ಸಮಯ. ವಿರೋಧಿಸುವವರು ಇದ್ದೇ ಇರುತ್ತಾರೆ.

ಜಲಾಶಯ ಇನ್ನೂ ಕಾಗದದ ಮೇಲಿದ್ದರೆ ಸಿಗುವುದು 'ಷರತ್ತಿನ ಹಕ್ಕು', ಅಂದರೆ ಕೆಲಸ ಮುಗಿದು ನೀರು ಬಳಸುವವರೆಗೆ ಸರದಿಯಲ್ಲಿ ಕಾದಿರಿಸಿದ ಜಾಗ. ಎಷ್ಟು ನೀರು ಕೇಳಬಹುದು? ಮನಬಂದಷ್ಟು ಕೇಳುವಂತಿಲ್ಲ. 2007ರ ಪಗೋಸಾ ಪ್ರಕರಣದಲ್ಲಿ ಒಂದು ಜಲಸಂರಕ್ಷಣಾ ಜಿಲ್ಲೆ ಮತ್ತು ಒಂದು ನೀರು ಸರಬರಾಜು ಜಿಲ್ಲೆ ಸೇರಿ 2100ನೇ ಇಸವಿಯ ಜನಸಂಖ್ಯೆಯನ್ನು ಲೆಕ್ಕಕ್ಕಿಟ್ಟು ನೀರು ಕೇಳಿದ್ದವು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹಿಂದಕ್ಕೆ ಕಳಿಸಿತು. ಯೋಜನೆಯ ಅವಧಿ ಸಮಂಜಸವಾಗಿರಬೇಕು, ಜನಸಂಖ್ಯೆಯ ಅಂದಾಜಿಗೆ ಆಧಾರ ಬೇಕು, ಆ ಅಂದಾಜಿಗೆ ಬೇಕಾದಷ್ಟೇ ನೀರು ಕೇಳಬೇಕು. ಇಂಜಿನಿಯರ ವರದಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಅಧ್ಯಾಯ ಬರೆಸಿ.

ಪಶ್ಚಿಮದ ಕೊಲೊರಾಡೊ ನದಿಯಿಂದ ಬೆಟ್ಟ ದಾಟಿಸಿ ಪೂರ್ವಕ್ಕೆ ನೀರು ತರುವ ಆಲೋಚನೆ ಇದ್ದರೆ ಕಾಯ್ದೆಯಲ್ಲೇ ಇನ್ನೊಂದು ಬೇಲಿ ಇದೆ: ಪಶ್ಚಿಮದವರ ಈಗಿನ ಮತ್ತು ಮುಂದಿನ ಬಳಕೆಗೆ ಧಕ್ಕೆಯಾಗಬಾರದು. ನಾರ್ದರ್ನ್ ಜಿಲ್ಲೆಯ ಕೊಲೊರಾಡೊ-ಬಿಗ್ ಥಾಂಪ್ಸನ್ ಯೋಜನೆಯಲ್ಲಿ ಈ ಮಾತಿನ ಬೆಲೆ ಎಷ್ಟಾಯಿತು ಎಂದು ನೋಡಬಹುದು. ಪೂರ್ವಕ್ಕೆ ವರ್ಷಕ್ಕೆ ಗರಿಷ್ಠ 3,10,000 ಎಕರೆ-ಅಡಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 13.5 ಟಿಎಂಸಿ. ಅದನ್ನು 13.1 ಮೈಲಿ ಉದ್ದದ ಆಲ್ವಾ ಆಡಮ್ಸ್ ಸುರಂಗದಲ್ಲಿ ಹರಿಸಿಕೊಳ್ಳುವುದಕ್ಕೆ ಮುಂಚೆ ಪಶ್ಚಿಮದವರಿಗೆಂದು ಸುಮಾರು 6.6 ಟಿಎಂಸಿಯ ಗ್ರೀನ್ ಮೌಂಟನ್ ಜಲಾಶಯ ಕಟ್ಟಿಕೊಡಬೇಕಾಯಿತು. ಕೇಂದ್ರ ಸರ್ಕಾರಕ್ಕೆ ಸಾಲ ತೀರಿಸುವ ಕರಾರನ್ನು ಮತದಾರರು ಒಪ್ಪಿದ್ದು 1938ರ ಜೂನ್ 28ರಂದು. ಸುರಂಗದಲ್ಲಿ ಮೊದಲ ನೀರು ಹರಿದದ್ದು 1947ರಲ್ಲಿ. ಹಾಗಾಗಿ ಸಹಿ ಕೇಳಲು ಮನೆ ಬಾಗಿಲಿಗೆ ಹೋದಾಗ ಮುಂದಿನ ಬೇಸಿಗೆಗೆ ನೀರು ಎಂದು ಯಾರಿಗೂ ಮಾತು ಕೊಡಬೇಡಿ.

ಷರತ್ತಿನ ಹಕ್ಕು ಸಿಕ್ಕಿತೆಂದು ಕಪಾಟಿನಲ್ಲಿಡುವಂತಿಲ್ಲ. ಕೆಲಸ ಶ್ರದ್ಧೆಯಿಂದ ಮುಂದುವರಿದಿದೆ ಎಂದು ಆರು ವರ್ಷಕ್ಕೊಮ್ಮೆ ಜಲ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಅದೂ ಡಿಕ್ರಿ ಬಂದ ಅದೇ ತಿಂಗಳಿನಲ್ಲಿ. ತಪ್ಪಿದರೆ ಹಕ್ಕು ರದ್ದು, ಸರದಿಯಲ್ಲಿ ಮತ್ತೆ ಬಾಲದ ತುದಿ. ಆರು ವರ್ಷದಲ್ಲಿ ವ್ಯವಸ್ಥಾಪಕರು, ವಕೀಲರು, ಅರ್ಧ ಮಂಡಳಿ ಬದಲಾಗಿರುತ್ತದೆ. ಆ ತಿಂಗಳನ್ನು ಒಬ್ಬರ ತಲೆಯಲ್ಲಿ ಬಿಡದೆ ಪ್ರತಿ ವರ್ಷದ ಬಜೆಟ್ ಠರಾವಿನ ಮೊದಲ ಪುಟದಲ್ಲೇ ಬರೆಸಿಡಿ.